ಸೀಸೆಯೊಳಗಿನ ತಿಳಿನೀರು

ಬಾಗಿಲು ತೆರೆದದ್ದು ನಾನೇ. ಹೊರಗಿದ್ದ ಹೆಂಗಸು ಚಪ್ಪಲಿ ಬಿಡುವ ಮೊದಲೇ ಅತ್ತುಬಿಟ್ಟಳು. ಸಂಶೋಧನಾಲಯದಲ್ಲಿ ಇಪ್ಪತ್ತು ವರ್ಷದಿಂದ ಜೇಡ ಸಾಕುತ್ತಿದ್ದಾಕೆ.

“ಅಮ್ಮಾ, ನೂಲು ಕದ್ದೆ ಅಂತಾರೆ. ಸಂಜೆಯೊಳಗೆ ಒಪ್ಪಿಕೊಳ್ಳದಿದ್ರೆ ಪೊಲೀಸರಿಗೆ ಕೊಡ್ತಾರಂತೆ.”

ನಮ್ಮ ಅತ್ತಿಗೆ ಕನ್ನಡಕ ಒರೆಸಿಕೊಂಡರು. ಮೂವತ್ತು ವರ್ಷ ಲಾಂಡ್ರಿ ನಡೆಸಿ ಊರವರ ಕಲೆಗಳನ್ನೆಲ್ಲ ಕಂಡವರು. ಕಳ್ಳರನ್ನು ಹಿಡಿಯುವ ಚಟ ಅಲ್ಲಿಂದಲೇ ಅಂಟಿದ್ದು. ಮೈದುನನಾದ ನನಗೆ ಚೀಲ ಹೊರುವ ಕೆಲಸ.

ಕಾಣೆಯಾದದ್ದು ಜೇಡದ ನೂಲಿನ ಉಂಡೆ. ಗಾಯ ಹೊಲಿಯಲು ಇದಕ್ಕಿಂತ ಗಟ್ಟಿ ನೂಲಿಲ್ಲ ಎಂದು ಅಲ್ಲಿನ ಪ್ರೊಫೆಸರು ಸಾರಿದ್ದರು. ಮರುದಿನವೇ ವೈದ್ಯರೆದುರು ಅದರ ಪರೀಕ್ಷೆಯಿತ್ತು. ನಾವು ಸಂಶೋಧನಾಲಯಕ್ಕೆ ಹೋಗಿ ನೋಡಿದಾಗ, ಉಂಡೆ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಬೀಗ ಹಾಗೆಯೇ ಇತ್ತು. ಒಳಗೆ ಉಂಡೆಗೆ ಚೀಟಿ ಕಟ್ಟಿದ್ದ ಹತ್ತಿ ದಾರ ಗಂಟು ಸಮೇತ ಬಿದ್ದಿತ್ತು. ತಳವೆಲ್ಲ ಅಂಟಂಟು.

“ಜೇಡ ಹಳೇ ಬಲೆ ತಿನ್ನುತ್ತಂತಲ್ಲ, ಹೇಗೆ?” ಹೊರಗೆ ಕಾಯುತ್ತಿದ್ದ ಆಕೆಯನ್ನು ಅತ್ತಿಗೆ ಕೇಳಿದರು.

“ಬಾಯಿಂದ ರಸ ಬಿಡುತ್ತಮ್ಮ. ಅದರಲ್ಲಿರೋ ಕಿಣ್ವ ನೂಲನ್ನ ಕರಗಿಸುತ್ತೆ. ಅದನ್ನೇ ಕುಡಿದು ಹೊಸ ಬಲೆ ನೇಯುತ್ತೆ. ಆ ರಸಾನ ಹನಿಹನಿಯಾಗಿ ತೆಗೆದು ಸೀಸೆಗೆ ತುಂಬೋಳು ನಾನೇ.”

ಒಳಗೆ ಫ್ರಿಜ್ಜಿನಲ್ಲಿದ್ದ ಆ ರಸದ ಸೀಸೆಯನ್ನು ಅತ್ತಿಗೆ ಬೆಳಕಿಗೆ ಹಿಡಿದರು. ಭರ್ತಿ ತುಂಬಿದ ತಿಳಿ ದ್ರವ. ಆದರೆ ಕತ್ತಿನ ಒಳಗಡೆ ಸುತ್ತಲೂ ಕಂದು ಕಲೆ.

“ಕಾಲರ್ ಕೊಳೆ ಇದ್ದಂಗಿದೆ ಕಣೋ,” ಎಂದು ಸೀಸೆಯನ್ನು ನನ್ನ ಚೀಲಕ್ಕೆ ಹಾಕಿದರು.

ಬೀಗದ ಕೈ ಇದ್ದದ್ದು ಮೂವರ ಹತ್ತಿರ. ಸಂಜೆ ಆ ಮೂವರನ್ನೂ ನಿರ್ದೇಶಕರ ಕೋಣೆಯಲ್ಲಿ ಕೂರಿಸಿ, ಅತ್ತಿಗೆ ಒಂದೊಂದು ಚೀಟಿ ಕೊಟ್ಟರು. “ಜೇಡದ ರಸದ ಬಣ್ಣ ಬರೀರಿ.”

ಸಾಕುವಾಕೆ ಬರೆದದ್ದು ‘ತೆಳು ಚಹಾ’. ನೂಲು ಸುತ್ತುತ್ತಿದ್ದ ವಿದ್ಯಾರ್ಥಿನಿ ಬರೆದದ್ದು ‘ಕಂದು’. ಆ ರಸದ ಮೇಲೆಯೇ ಹನ್ನೊಂದು ಪ್ರಬಂಧ ಬರೆದಿದ್ದ ಪ್ರೊಫೆಸರು ಬರೆದದ್ದು ‘ನೀರಿನಂತೆ ತಿಳಿ’.

ಅತ್ತಿಗೆ ಸೀಸೆಯನ್ನು ಮೇಜಿನ ಮೇಲಿಟ್ಟರು. “ನೂಲು ಕಳುವಾಗಿಲ್ಲ, ಕರಗಿದೆ. ರಸಕ್ಕೆ ಹತ್ತಿ ಜಗ್ಗಲ್ಲ, ಅದಕ್ಕೇ ದಾರ ಉಳೀತು. ಕತ್ತಿನಲ್ಲಿರೋ ಕಂದು ಕಲೆ ರಸದ್ದು, ಖಾಲಿಯಾದ ಸೀಸೆಗೆ ಯಾರೋ ನೀರು ತುಂಬಿದ್ದಾರೆ. ದಿನಾ ರಸ ನೋಡೋರಾಗಿದ್ರೆ ಒಂದು ತೊಟ್ಟು ಚಹಾನಾದ್ರೂ ಬೆರೆಸ್ತಿದ್ರು.”

“ನನ್ನ ನೂಲನ್ನ ನಾನೇ ಯಾಕೆ ಕರಗಿಸಲಿ?” ಪ್ರೊಫೆಸರು ರೇಗಿದರು.

ವಿದ್ಯಾರ್ಥಿನಿ ತಲೆ ತಗ್ಗಿಸಿಯೇ ಹೇಳಿದಳು. “ಮೂರು ಸಲ ನೂಲು ಎಳೆದು ನೋಡಿದೆ ಸರ್, ಮೂರು ಸಲಾನೂ ಹರೀತು. ವೈದ್ಯರೆದುರೂ ಹರಿಯುತ್ತೆ ಅಂತ ನಿಮಗೆ ಹೇಳಿದ್ದೆ.”

ಪ್ರೊಫೆಸರು ತಾವು ಬರೆದ ಚೀಟಿಯನ್ನು ಮುದುರಿ ಜೇಬಿಗೆ ಹಾಕಿಕೊಂಡರು.

ಮುಂದಿನ ವಾರ ಅವರು ಅನಾರೋಗ್ಯದ ಕಾರಣಕ್ಕೆ ನಿವೃತ್ತರಾದರು. ಹಾರ, ಭಾಷಣ ಎಲ್ಲ ಆಯಿತು. ಜೇಡದ ವಿಭಾಗ ಮುಚ್ಚಿದರು. ಸಾಕುವಾಕೆಯ ಕೆಲಸವೂ ಹೋಯಿತು.

ಆಕೆ ನಮಸ್ಕಾರ ಹೇಳಲು ಬಂದಳು. “ಕಳ್ಳಿ ಅಲ್ಲ ಅಂತ ಆಯ್ತಲ್ಲಮ್ಮ, ಅಷ್ಟು ಸಾಕು.” ಮೆಟ್ಟಿಲಿಳಿದವಳು ತಿರುಗಿ ಕೇಳಿದಳು. “ಬೀಗ ಹಾಕಿಬಿಟ್ಟಿದಾರೆ. ಒಳಗಿರೋ ಜೇಡಗಳಿಗೆ ನೊಣ ಯಾರು ಹಾಕ್ತಾರೆ?”

ಅತ್ತಿಗೆ ಕನ್ನಡಕ ತೆಗೆದು ಒರೆಸುತ್ತ ನಿಂತರು.