ಕುಗ್ಗಿದ ರಾಜ್ಯ ಮತ್ತು ನೂರು ಗೆರೆಯ ಕೋಲು

ಬಲು ಹಿಂದೆ, ಹೊಳೆಯ ಈಚೆ ದಡದಲ್ಲಿ ತೋಳೂರು ಎಂಬ ರಾಜ್ಯವಿತ್ತು. ಅಲ್ಲಿ ಅಳತೆಯ ಸಾಮಾನನ್ನು ಯಾರೂ ಕೊಳ್ಳುತ್ತಿರಲಿಲ್ಲ, ಹುಟ್ಟುವಾಗಲೇ ತಂದಿರುತ್ತಿದ್ದರು. ಬಟ್ಟೆಗೆ ಮೊಳ, ಹಗ್ಗಕ್ಕೆ ಮಾರು, ಹಲಗೆಗೆ ಗೇಣು, ಉಪ್ಪಿಗೆ ಬೊಗಸೆ. ಅವರವರ ಕೈ, ಅವರವರ ಲೆಕ್ಕ.

ರಾಜ ಬಾಹುಸೇನ ದಿನಾ ಬೆಳಿಗ್ಗೆ ಗೋಡೆಗೆ ಬೆನ್ನು ಕೊಟ್ಟು ನಿಂತು, ತಲೆಯ ಮಟ್ಟಕ್ಕೆ ಗುರುತು ಹಾಕಿಸಿ, ತನ್ನ ಕೈಯಿಂದಲೇ ಅಳೆಯುತ್ತಿದ್ದ. ನಾಲ್ಕು ಮೊಳ. ನೀವೂ ಬೇಕಾದರೆ ಅಳೆದು ನೋಡಿ, ಯಾರಾದರೂ ಅವರವರ ಕೈಗೆ ಹೆಚ್ಚು ಕಡಿಮೆ ನಾಲ್ಕೇ ಮೊಳ. ಅಳೆದಾದ ಮೇಲೆ ರಾಜನ ಭುಜದ ಮೇಲಿನ ಗಿಳಿ, "ಸರಿ ಇದೆ" ಎನ್ನುತ್ತಿತ್ತು.

ಆ ಗಿಳಿ ಗಿಳಿಯಲ್ಲ. ಕಿರಿಮಾಯನೆಂಬ ಮಾಂತ್ರಿಕ. ತೋಳೂರನ್ನು ಗಿಂಡಿಯೊಳಗೆ ತುಂಬಿಕೊಂಡು ಹೊರಟುಹೋಗಬೇಕೆಂಬುದು ಅವನ ಆಸೆ. ಅವನು ಒಮ್ಮೆ "ಸರಿ ಇದೆ" ಎಂದರೆ ಸಾಕು, ಮನೆ, ಮರ, ದನ, ಜನ, ಎಲ್ಲವೂ ಒಟ್ಟಿಗೆ ಒಂದಿಷ್ಟು ಕುಗ್ಗುತ್ತಿದ್ದವು. ಕೈಯೂ ಜೊತೆಗೇ ಕುಗ್ಗುತ್ತಿತ್ತಲ್ಲ, ಯಾರಿಗೆ ಗೊತ್ತಾಗಬೇಕು? ಆಚೆ ದಡದ ಬೆಟ್ಟ ಎತ್ತರವಾದಂತೆ ಕಂಡರೆ, "ಈ ಸಲ ಮಳೆ ಚೆನ್ನಾಗಿದೆ, ಬೆಟ್ಟ ಬೆಳೆದಿದೆ" ಎಂದರು. ಗಿಳಿ ಭುಜದ ಮೇಲೆ ಹಿಡಿಸದೆ ಸಿಂಹಾಸನದ ಪಕ್ಕದಲ್ಲಿ ನಿಂತಾಗ ರಾಜ, "ಸೀಬೆಹಣ್ಣು ಜಾಸ್ತಿಯಾಯಿತು" ಎಂದ.

ಆ ಊರಿನ ಬಡಗಿ ಮೌನಾಚಾರಿ. ಹೆಸರಷ್ಟೇ ಮೌನ. ಅವನ ಹೆಂಡತಿ ಹೊಂಬಾಳೆ ಚೊಚ್ಚಲ ಹೆರಿಗೆಗೆಂದು ಆಚೆ ದಡದ ಗೆರೆಪುರಕ್ಕೆ, ತವರಿಗೆ, ಹೋಗಿದ್ದಳು. ಆರು ತಿಂಗಳಾದ ಮೇಲೆ ಮೌನಾಚಾರಿ ತೊಟ್ಟಿಲು ಹೊತ್ತು ಕರೆತರಲು ಹೋದ. ಬಾಗಿಲಲ್ಲಿ ನಿಂತ ಹೆಂಡತಿಯ ಮೊಣಕಾಲಿನ ಎತ್ತರಕ್ಕೆ ಬಂದ.

ಹೊಂಬಾಳೆ ಕೆಳಗೆ ನೋಡಿದಳು. "ರೀ, ಏನಿದು ನಿಮ್ಮ ಗತಿ?"

"ನನಗೇನಾಗಿದೆ? ತವರಿನ ಊಟಕ್ಕೆ ನೀನು ಬೆಳೆದಿದ್ದೀಯ."

ಗೆರೆಪುರದಲ್ಲಿ ಮನೆಗೊಂದು ಕಬ್ಬಿಣದ ಕೋಲಿತ್ತು, ಅದರ ಮೇಲೆ ನೂರು ಗೆರೆ. ನಮ್ಮ ಮೀಟರಿನ ಹಾಗೆ ಅನ್ನಿ. ಯಾರ ಮನೆಯದಾದರೂ ಒಂದೇ ಉದ್ದ. ಹೊಂಬಾಳೆ ಅದನ್ನು ಗಂಡನ ಕೈಗೆ ಹಿಡಿದಳು. ನಲವತ್ತೈದು ಗೆರೆ ಇರಬೇಕಾದ ಮೊಳ ಹನ್ನೊಂದು ಗೆರೆ ಇತ್ತು.

"ನಿಮ್ಮ ಕೋಲು ಉದ್ದವಾಗಿದೆ" ಎಂದ ಮೌನಾಚಾರಿ. ಆಮೇಲೆ ತಾನು ತಂದ ತೊಟ್ಟಿಲನ್ನೂ ಮೂರು ತಿಂಗಳ ಮಗನನ್ನೂ ನೋಡಿದ. ತೊಟ್ಟಿಲಲ್ಲಿ ಮಗನ ಒಂದು ಕಾಲು ಮಾತ್ರ ಹಿಡಿಸುವಂತಿತ್ತು. ತೊಟ್ಟಿಲನ್ನು ಕೆಳಗಿಟ್ಟು, "ಕೋಲಿನ ತಪ್ಪಲ್ಲ" ಎಂದ.

ಹೊಂಬಾಳೆಯ ಅಜ್ಜಿ ಸೂಲಗಿತ್ತಿ, ಮಾಟ ಮಂತ್ರ ಬಲ್ಲವಳು. "ಇದು ಕಿರಿಮಾಯನ ಕೆಲಸ. 'ನಾನು ಕುಗ್ಗಿದ್ದೇನೆ' ಅಂತ ನಿಮ್ಮ ರಾಜ ತನ್ನ ಬಾಯಿಂದ ಹೇಳಿದರೆ ಮಾಯೆ ಬಿಡುತ್ತೆ. ಅಮಾವಾಸ್ಯೆ ಹತ್ತಿರವಾದಷ್ಟೂ ಮಾಯೆ ಜೋರು. ಅಷ್ಟರೊಳಗೆ ಹೇಳದಿದ್ದರೆ ಎಲ್ಲರೂ ಗಿಂಡಿಯೊಳಗೆ" ಎಂದಳು.

ಮೌನಾಚಾರಿ ಕೋಲನ್ನು ಎತ್ತಿನ ಬಂಡಿಗೆ ಹೇರಿಕೊಂಡು ಅರಮನೆಗೆ ಹೋದ. ರಾಜ ಕೋಲನ್ನು ತನ್ನ ಕೈಯಿಂದ ಅಳೆದ. "ಒಂಬತ್ತು ಮೊಳ. ಇಷ್ಟುದ್ದದ ಕೋಲು ಮಾಡಿ ಕಬ್ಬಿಣ ಯಾಕೆ ಹಾಳು ಮಾಡುತ್ತಾರೆ, ಆಚಾರಿ?"

"ಸರಿ ಇದೆ" ಎಂದಿತು ಗಿಳಿ. ಮೌನಾಚಾರಿ ಮರಳಿ ಬಂದಾಗ ಹೆಂಡತಿಯ ಮೊಣಕಾಲಿನ ಅರ್ಧದಷ್ಟೇ ಎತ್ತರವಿದ್ದ.

ಎರಡನೆಯ ಸಲ ಒಂದು ಪಾವು ಅಕ್ಕಿ ಒಯ್ದ. ಗೆರೆಪುರದ ಒಂದು ಪಾವಿನಲ್ಲಿ ಅರಮನೆಯ ಮಂದಿಯೆಲ್ಲ ಉಂಡರು, ಆನೆಗೂ ಮಿಕ್ಕಿತು. ರಾಜ ಕೈ ತೊಳೆದುಕೊಂಡು, "ಆ ಊರಿನವರ ಪಾವು ದೊಡ್ಡದು. ಧಾರಾಳಿ ಜನ" ಎಂದ.

"ಸರಿ ಇದೆ" ಎಂದಿತು ಗಿಳಿ. ಈ ಸಲ ಹೊಂಬಾಳೆ ಗಂಡನನ್ನು ಅಂಗೈಯಲ್ಲಿ ಎತ್ತಿಕೊಂಡಳು.

"ಇನ್ನೊಂದು ಸಲ ಹೋಗಿಬಂದರೆ ನಿಮ್ಮ ಮಗ ನಿಮ್ಮನ್ನ ಬಾಯಿಗೆ ಹಾಕ್ಕೋತಾನೆ" ಎಂದಳು ಅಜ್ಜಿ. ಅವಳು ನಗಲಿಲ್ಲ, ಹೊಂಬಾಳೆಯೂ ನಗಲಿಲ್ಲ. ಮರುದಿನವೇ ಅಮಾವಾಸ್ಯೆ. ಅಜ್ಜಿ ಪೆಟ್ಟಿಗೆ ತೆರೆದು ಒಂದು ಬೆಳ್ಳಿಯ ಕಡಗ ತೆಗೆದಳು. "ನಿಮ್ಮ ರಾಜನ ತಾಯಿ ಈ ಊರಿನ ಮಗಳು. ಅವಳ ಹೆರಿಗೆ ಮಾಡಿಸಿದವಳು ನಾನು. ಕೂಸಿನ ಕೈಗೆ ಬಿಗಿಯಾದ ಮೇಲೆ ಇದನ್ನು ನನಗೇ ಕೊಟ್ಟಳು."

ಬೆಳಗಾದ ಮೇಲೆ ಹೊಂಬಾಳೆಯೇ ಹೊರಟಳು. ಒಂದು ಕಂಕುಳಲ್ಲಿ ಮಗ, ಸೆರಗಿನಲ್ಲಿ ಗಂಡ. ಮನೆಗಳನ್ನು ತುಳಿಯದಂತೆ ನಡೆದು, ಕೋಟೆಯನ್ನು ದಾಟಿ, ಅರಮನೆಯ ಅಂಗಳದಲ್ಲಿ ಜೋಪಾನವಾಗಿ ಕುಳಿತಳು.

ರಾಜ ಮಗುವನ್ನು ತಲೆಯೆತ್ತಿ ನೋಡಿದ. "ಹುಡುಗ ಪುಷ್ಟಿಯಾಗಿದ್ದಾನೆ. ಏನು ತಿನ್ನಿಸುತ್ತೀಯಮ್ಮ?"

"ಹಾಲು, ಮಹಾಪ್ರಭು. ಇದು ನೀವು ಕೂಸಾಗಿದ್ದಾಗ ಹಾಕಿದ ನಿಮ್ಮದೇ ಕಡಗ. ನಿಮ್ಮ ತಾಯಿಯವರು ಸೂಲಗಿತ್ತಿಗೆ ಕೊಟ್ಟಿದ್ದು. ಒಮ್ಮೆ ಹಾಕಿಕೊಂಡು ನೋಡಿ."

ಕಡಗದ ಒಳಗೆ ತಾಯಿಯ ಮನೆತನದ ನವಿಲಿನ ಗುರುತಿತ್ತು. ರಾಜ ಅದನ್ನು ಬೆರಳಿನಿಂದ ಸವರಿದ. ಕೈ ತೂರಿಸಿದ. ಕಡಗ ಮೊಣಕೈ ದಾಟಿತು, ತೋಳು ದಾಟಿತು, ತಲೆಯ ಮೇಲಿಂದ ಜಾರಿ ಸೊಂಟಕ್ಕೆ ಬಂದು ನಿಂತಿತು.

"ಸರಿ ಇ..." ಎಂದಿತು ಗಿಳಿ.

"ಸುಮ್ಮನಿರು" ಎಂದ ರಾಜ. ಸೊಂಟದ ಕಡಗವನ್ನು ಎರಡು ಕೈಯಿಂದ ಹಿಡಿದುಕೊಂಡ. "ಇದು ನನ್ನ ತಾಯಿ ನನ್ನ ಮುಂಗೈ ಅಳೆದು ಮಾಡಿಸಿದ್ದು. ನಾನು ಕುಗ್ಗಿದ್ದೇನೆ."

ಹೊಂಬಾಳೆ ಗಂಡನನ್ನು ಕೆಳಗಿಳಿಸಿ, ಮಗನನ್ನೆತ್ತಿಕೊಂಡು ಕೋಟೆಯ ಹೊರಗೆ ಓಡುವಷ್ಟರಲ್ಲಿ ಅರಮನೆ ಎದ್ದಿತು, ಮರಗಳು ಎದ್ದವು, ಜನ ಎದ್ದರು. ಬಿಟ್ಟ ಮಾಯೆ ಗಿಳಿಯನ್ನು ಹಿಡಿಯಿತು. ಗಿಳಿ ಗುಬ್ಬಿಯಷ್ಟಾಯಿತು, ನೊಣದಷ್ಟಾಯಿತು, ಆಮೇಲೆ ಅಲ್ಲಿ ಏನೂ ಇರಲಿಲ್ಲ.

ರಾಜ ಅಂದೇ ಕಟ್ಟಳೆ ಮಾಡಿದ. ಬಾಗಿಲು, ಬಂಡಿ, ಧಾನ್ಯಕ್ಕೆಲ್ಲ ಗೆರೆಪುರದ ಅಳತೆ. ಹೂವಿಗೆ ಮಾತ್ರ ಮಾರುವವಳ ಮೊಳವೇ ಇರಲಿ ಎಂದ. ಹೆಂಗಸರು ಉದ್ದ ಕೈಯ ಹೂವಾಡಗಿತ್ತಿಯನ್ನು ಹುಡುಕಿಕೊಂಡು ಹೋಗತೊಡಗಿದರು, ಅದು ಬೇರೆ ಮಾತು.

ಮನೆಗೆ ಬಂದ ಮೌನಾಚಾರಿ ಹೆಂಡತಿಯನ್ನೂ ತನ್ನನ್ನೂ ಕೋಲಿನಲ್ಲಿ ಅಳೆದ. ಎರಡು ಸಲ ಅಳೆದ.

"ಮಾಯೆ ಪೂರ್ತಿ ಬಿಟ್ಟಿಲ್ಲ ಕಣೆ. ನಿನಗಿಂತ ಮೂರು ಗೆರೆ ಕಡಿಮೆ ಬರ್ತಿದೆ."

"ಬರಬೇಕಾದ್ದೆಲ್ಲ ಬಂದಿದೆ. ಮದುವೆ ದಿನವೂ ಅಷ್ಟೇ ಇತ್ತು ರೀ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ನಾಲ್ಕು ಮೊಳ ಅಂದಿರಿ. ನನ್ನ ಕೈಗೆ ನಾನೂ ನಾಲ್ಕೇ ಮೊಳ. ಸಮ ಅಂದುಕೊಂಡು ಬಂದೆ."

ಮೌನಾಚಾರಿ ಕೋಲನ್ನು ಗೋಡೆಗೆ ಒರಗಿಸಿ, ಮಗನಿಗೆ ಹೊಸ ತೊಟ್ಟಿಲು ಮಾಡಲು ಕುಳಿತ. ಆ ರಾಜ್ಯದಲ್ಲಿ ಅವರೂ ಉಳಿದವರೂ ಕೊನೆಯವರೆಗೆ ಸುಖವಾಗಿ ಬಾಳಿದರು.