ಅರಗು ಒಡೆಯದ ಚೀಲ

೧೯೭೪ನೆಯ ಇಸವಿ. ಶ್ರಾವಣದ ಮೊದಲ ಸೋಮವಾರ ಮುಂಜಾನೆ ನಮ್ಮೂರ ಬಸವಣ್ಣನ ಗುಡಿಯ ಉಗ್ರಾಣದಲ್ಲಿ, ತಗಡಿನ ಮಾಡಿಗೆ ತಗುಲಿಸಿದ್ದ ಬಟ್ಟೆಚೀಲವನ್ನು ಇಳಿಸಿದೆವು. ಶಿವರಾತ್ರಿಗೆ ಸಿಂದಗಿ ಪೇಟೆಯಿಂದ ತಂದ ಒಂದು ಸೇರು ಕರ್ಪೂರ ಅದರಲ್ಲಿತ್ತು. ಗಂಟಿನ ಮೇಲಿನ ಅರಗು ಹಾಕಿದಂತೆಯೇ ಇತ್ತು. ಒಡೆದು ನೋಡಿದರೆ ಒಳಗೆ ರೂಢಿಯಂತೆ ಕರ್ಪೂರದ ಜೊತೆ ಹಾಕಿದ್ದ ಐದು ಮೆಣಸಿನ ಕಾಳು ಮಾತ್ರ.

ಉಗ್ರಾಣದ ಕೀಲಿ ನನ್ನ ಅಕ್ಕ ಲಕ್ಕವ್ವನ ಬಳಿ ಇರುತ್ತಿತ್ತು. ಇಪ್ಪತ್ತು ವರ್ಷ ಆ ಗುಡಿಯ ಕಸ ಗುಡಿಸಿ ದೀಪ ಹಚ್ಚಿದವಳು ಅವಳು.

"ಕರ್ಪೂರಕ್ಕೇನು ರೆಕ್ಕಿ ಬಂದುವೇನು?" ಎಂದರು ಊರ ಹಿರಿಯರಾದ ಬಸಂತರಾಯ ಗೌಡರು. "ಆಕಿ ಸೆರಗು ಮೂಸಿ ನೋಡ್ರಿ, ಇನ್ನೂ ಘಮ್ ಅನ್ನಾಕತ್ತೈತಿ."

ಸೆರಗು ನಿಜವಾಗಿಯೂ ಕರ್ಪೂರ ನಾರುತ್ತಿತ್ತು.

"ಉಗ್ರಾಣದಾಗಿನ ದೇವರ ಪಟದ ಗಾಜಿಗೆ ದಿನಾ ಮಂಜು ಹಿಡದಂಗ ಬೆಳ್ಳಗ ಹಿಡೀತೈತ್ರಿ. ಸೆರಗೀಲೆ ಒರಸ್ತೇನಿ," ಎಂದಳು ಅಕ್ಕ.

"ನಮ್ಮೂರ ಬ್ಯಾಸಗ್ಯಾಗ ಮಂಜು ಬೀಳತೈತೇನಬೇ?" ಎಂದರು ಗೌಡರು.

ಎಲ್ಲರೂ ನಕ್ಕರು. ನಾನು ಉಂಗುರದ ಕೈಯನ್ನು ಬೆನ್ನ ಹಿಂದೆ ಸರಿಸಿದೆ. ತಾನು ಕಳ್ಳಿಯಲ್ಲ ಎಂದು ಊರು ಹೇಳುವ ತನಕ ನೀರನ್ನೂ ಮುಟ್ಟುವುದಿಲ್ಲವೆಂದು ಅಕ್ಕ ಗುಡಿಯ ಕಟ್ಟೆಯ ಮೇಲೆ ಕುಳಿತಳು.

ನಾನು ಬಸ್ಸು ಹಿಡಿದು ಇಂಡಿಗೆ ಹೋದೆ. ನಮ್ಮೂರ ಮಡಿವಾಳಪ್ಪ ಮಾಸ್ತರರು ಅಲ್ಲಿ ಮಗಳ ಮನೆಯಲ್ಲಿದ್ದರು. ಸಾಲಿಯ ನೌಕರಿ ಬಿಟ್ಟ ಮೇಲೆ, ಸುತ್ತಿನ ನಾಲ್ಕು ತಾಲೂಕಿನಲ್ಲಿ ಏನು ಕಳೆದರೂ ಜನ ಅವರ ಬಾಗಿಲಿಗೆ ಬರುತ್ತಿದ್ದರು. ಕೊಡೆ ಹಿಡಿದು ಜೊತೆಗೆ ಹೋಗುವವನು ನಾನು. ಆದರೆ ಅಂದು ಅವರು ಮುದ್ದೇಬಿಹಾಳಕ್ಕೆ ಹೋಗಿದ್ದರು. ಹುಡುಕಿ ಕರೆತರುವಷ್ಟರಲ್ಲಿ ನಾಲ್ಕನೆಯ ದಿನವಾಗಿತ್ತು. ನಮ್ಮೂರಿಗೆ ಹತ್ತಿರದ ಗೊಳಸಂಗಿಯಲ್ಲಿ ಬಸ್ಸಿಳಿದಾಗ ಟಾಂಗಾದ ಗೈಬುಸಾಬ ಎದುರಿಗೆ ನಿಂತಿದ್ದ.

"ರೇವಪ್ಪಣ್ಣಾ, ಲಗೂನ ಹತ್ರಿ," ಎಂದ. ಆಗಲೇ ಕುದುರೆಯನ್ನು ಊರ ಕಡೆ ತಿರುಗಿಸಿದ್ದ.

ಅಕ್ಕನನ್ನು ಮಣ್ಣು ಮಾಡಿದ ಮೂರನೆಯ ದಿನ ಮಾಸ್ತರರು ಊರವರನ್ನು ಗುಡಿಗೆ ಕರೆಸಿದರು.

"ಚೀಲದ ಹೊಲಿಗಿ ಬಿಚ್ಚಿತ್ತೇನ್ರಿ? ಅರಗು ಒಡದಿತ್ತೇನು?"

"ಇಲ್ರಿ. ಆಕಿ ಬ್ಯಾರೆ ಅರಗು ಹಾಕಿರಬೇಕು," ಎಂದರು ಗೌಡರು.

"ಮುದ್ರಿ ಯಾರದು?"

"ನನ್ನ ಉಂಗುರದ್ದು," ಎಂದೆ. "ಚೀಲದ ಬಾಯಿ ಹೊಲದು ಮುದ್ರಿ ಒತ್ತಿದಾಂವ ನಾನ. ಉಂಗುರ ಬೆರಳು ಬಿಟ್ಟಿಲ್ಲ." ಆ ಮಾತನ್ನು ಸೋಮವಾರವೇ ಹೇಳಬೇಕಾಗಿತ್ತು. ಕಳವು ನನ್ನ ಕೊರಳಿಗೆ ಬಂದೀತೆಂದು ಹೆದರಿದ್ದೆ.

ಮಾಸ್ತರರು ಬಿಸಿ ಮರಳಿನ ಬಟ್ಟಲಿನಲ್ಲಿ ಒಂದು ಬಿಲ್ಲೆ ಕರ್ಪೂರವಿಟ್ಟು, ಮೇಲೆ ತಣ್ಣೀರು ತುಂಬಿದ ತಂಬಿಗೆ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎತ್ತಿದಾಗ ಬಿಲ್ಲೆ ಸವೆದಿತ್ತು. ತಂಬಿಗೆಯ ತಳಕ್ಕೆ ಬೆಳ್ಳಗೆ ಮಂಜು ಹಿಡಿದಿತ್ತು.

"ಬರ್ಫ ಕರಗಿ ನೀರಾಗತೈತಿ, ನೀರು ಕಾದು ಉಗಿ ಆಗತೈತಿ. ಕರ್ಪೂರ ಹಂಗಲ್ಲ, ನೀರಾಗದನ ಗಾಳ್ಯಾಗ ಹೋಗತೈತಿ. ಅದಕ್ಕ ಚೀಲದ ಮ್ಯಾಲೆ ಒಂದು ನೀರಿನ ಕಲೆನೂ ಇಲ್ಲ. ಹೋಗಲಾರದ್ದು ಮೆಣಸು, ಅದು ಉಳೀತು. ಬ್ಯಾಸಗಿ ತಗಡು ಕರ್ಪೂರ ಎಬ್ಬಿಸಿತು, ಅದು ತಣ್ಣಗಿನ ಗಾಜಿಗೆ ಮತ್ತ ಕೂಡತು. ಲಕ್ಕವ್ವ ಹೇಳಿದ್ದು ಖರೇ ಇತ್ರಿ."

"ಹಿಂದ ಯಾವ ವರ್ಷನೂ ಹೋಗಿದ್ದಿಲ್ಲಲ್ರಿ?" ಎಂದರು ಗೌಡರು.

"ಹಿಂದ ಎಲ್ಲಿ ಇಡತಿದ್ರಿ?"

"ತಿರುಪಿನ ಮುಚ್ಚಳದ ಹಿತ್ತಾಳಿ ಡಬ್ಬ್ಯಾಗ."

"ಯಾಕ ತಗದ್ರಿ?"

ನಾನೇ ಹೇಳಬೇಕಾಯಿತು. "ಡಬ್ಬಿ ಆದ್ರ ಲಕ್ಕವ್ವ ತಗೀಬಹುದು, ಚೀಲಕ್ಕ ಅರಗು ಹಾಕಿದ್ರ ಆಗೂದಿಲ್ಲ ಅಂತ ಗೌಡ್ರು ಅಂದ್ರು. ನಾನು ಹೂಂ ಅಂದೆ."

ಮಾಸ್ತರರು ನನ್ನ ಕಡೆ ನೋಡಲಿಲ್ಲ. "ಕಳ್ಳ ಯಾರೂ ಇಲ್ರಿ," ಎಂದಷ್ಟೇ ಹೇಳಿದರು. ಆಮೇಲೆ ಉಗ್ರಾಣಕ್ಕೆ ಹೋಗಿ, ಅಕ್ಕನ ಸೆರಗು ತಾಗದೆ ಉಳಿದಿದ್ದ ಆ ಪಟದ ಗಾಜಿನ ಅಂಚಿನ ಸಂದಿಯನ್ನು ಕೆರೆದು, ಚಿಟಿಕೆ ಬಿಳಿ ಪುಡಿ ತಂದು ಆರತಿತಟ್ಟೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು.

ಗೌಡರು ರುಮಾಲು ತೆಗೆದು ನಿಂತರು. ನಾನು ಕಡ್ಡಿ ಗೀರಿದೆ. ಬೂದಿಯೂ ಉಳಿಯದಂತೆ ಉರಿಯಿತು.

ಬಸವಣ್ಣಾ, ನಿನ್ನ ಗಾಜು ಒರೆಸಿದವಳು ಬಾಯಾರಿ ನಿನ್ನ ಬಳಿಗೆ ಬಂದಿದ್ದಾಳೆ. ಅವಳಿಗೆ ನೀರು ಕೊಡು, ನೆರಳು ಕೊಡು, ಅವಳ ಜೀವಕ್ಕೆ ಶಾಂತಿ ಕೊಡು.