ಕತ್ತಲಲ್ಲಿ ನಡೆದ ನೀಲಿ ಕಾರ್ಪೆಟ್

ನನ್ನ ಬಲಗೈ ಮೊಣಕೈವರೆಗೆ ಉಪ್ಪುನೀರಿನಲ್ಲಿತ್ತು. ಕಿವಿಯ ಹಿಂದೆ ತಣ್ಣಗೆ ಒಂದು ಕಟರ್ ಇತ್ತು.

ಹವಳ ಕತ್ತರಿಸುವ ಕಟರ್. ಕಿವಿ ಅದಕ್ಕೊಂದು ಲೆಕ್ಕವಲ್ಲ.

"ಕೈ ತೆಗಿ."

"ತೆಗೆದ್ರೆ ಹರಿಯತ್ತೆ."

"ಏನು ಹರಿಯತ್ತೆ?"

"ನಿಮ್ಮ ಪ್ರಾಣಿ. ನನ್ನ ಕೈ ಹಿಡ್ಕೊಂಡಿದೆ."

ಹಿಂದೆ ನಿಂತವನು ಬಗ್ಗಿ ಟ್ಯಾಂಕಿನೊಳಗೆ ನೋಡಿದ. ಕಟರ್ ಮಾತ್ರ ಕದಲಲಿಲ್ಲ.

ಕಳೆದುಹೋದದ್ದನ್ನು ಹುಡುಕುವುದು ನನ್ನ ಕಸುಬು. ಮನುಷ್ಯರನ್ನು ಹುಡುಕಿದ್ದೇನೆ, ಕಾರುಗಳನ್ನು ಹುಡುಕಿದ್ದೇನೆ, ಒಮ್ಮೆ ಒಂದು ಪಿಯಾನೋ ಕೂಡ. ಈ ಸಲ ಕಾರ್ಪೆಟ್ ಅನೆಮೊನಿ. ನೋಡಿದರೆ ನೀವು ನೀಲಿ ಕಂಬಳಿಯ ತುಂಡು ಅನ್ನುತ್ತೀರಿ. ಅಲ್ಲ. ಸಮುದ್ರದ ಪ್ರಾಣಿ. ನಡುವೆ ಬಾಯಿ, ಅಡಿಯಲ್ಲಿ ಬಂಡೆ ಹಿಡಿಯುವ ಪಾದ. ಸಿಕ್ಕಿದ್ದನ್ನು ಸುಲಭಕ್ಕೆ ಬಿಡುವ ಜಾತಿಯಲ್ಲ.

ಅದರ ಒಡತಿ ನಿವೃತ್ತ ಬಯಾಲಜಿ ಟೀಚರ್. ಹಾಲ್‌ನಲ್ಲಿ ಆರಡಿ ಟ್ಯಾಂಕ್, ಅದರಲ್ಲಿ ಒಂದು ಗಂಡು, ಒಂದು ಹೆಣ್ಣು. ಹೆಣ್ಣು ವರ್ಷಕ್ಕೊಮ್ಮೆ ಮೊಟ್ಟೆ ಬಿಡುತ್ತಿತ್ತು. ನಾಲ್ಕು ವರ್ಷದಲ್ಲಿ ಒಂದೂ ಮರಿಯಾಗಿರಲಿಲ್ಲ. ನಿನ್ನೆ ಬೆಳಿಗ್ಗೆ ಆ ಹೆಣ್ಣೇ ಮಾಯ.

"ನನ್ನ ತಮ್ಮನದೇ ಕೆಲಸ," ಎಂದಿದ್ದರು ಟೀಚರ್. "ಬಂಡೆ ನೋಡಿ, ಒಂದು ಚೂರೂ ಹರಿದು ಉಳಿದಿಲ್ಲ. ಪಾದಕ್ಕೆ ಐಸ್ ಒತ್ತಿ ಬಿಡಿಸಿದಾರೆ. ಆ ವಿದ್ಯೆ ಅವನಿಗೆ ಗೊತ್ತು. ಕಲಿಸಿದವಳು ನಾನೇ."

"ಕೊನೇ ಸಲ ನೀವು ಮುಟ್ಟಿದ್ದು ಯಾವಾಗ?"

"ತಿಂಗಳಾಯ್ತು ನೀರಿಗೆ ಕೈ ಹಾಕಿ. ಎಲ್ಲ ಉದ್ದ ಚಿಮಟದಲ್ಲೇ." ನೀರಿನ ಲೋಟ ನನ್ನ ಕಡೆಗೆ ತಳ್ಳಿದರು. "ಅವನ ಅಕ್ವೇರಿಯಂ ಅಂಗಡಿ ಹಿಂದಿನ ಕೋಣೆ ನೋಡಿ. ಯಾರನ್ನೂ ಒಳಗೆ ಬಿಡಲ್ಲ. ಹೊಸದಾಗಿ ಇಟ್ಟಿದ್ದು ಬಂಡೆ ಹಿಡಿಯೋಕೆ ಎರಡು ದಿನ ಬೇಕು. ಅಡಿಗೆ ಬೆರಳು ತೂರಿಸಿದ್ರೆ ಎದ್ದು ಬರತ್ತೆ. ಬೇಗ ಸಿಗದಿದ್ರೆ ಅದು ಉಳಿಯಲ್ಲ."

ಹಾಗಾಗಿ ಈ ಮಧ್ಯಾಹ್ನ, ಅಂಗಡಿಗೆ ಬೀಗ ಬಿದ್ದ ಹೊತ್ತಲ್ಲಿ, ಕಿಟಕಿ ಹತ್ತಿ ಬಂದಿದ್ದೆ. ನೀಲಿ ಕಾರ್ಪೆಟ್ ಕಂಡಿತು. ಬೆರಳು ತೂರಿಸಿದೆ.

ಏಳಲಿಲ್ಲ.

ಬಂಡೆಗೆ ಬೇರು ಬಿಟ್ಟ ಹಾಗೆ ಕೂತಿತ್ತು. ನಿನ್ನೆ ಬಂದದ್ದಲ್ಲ. ಪಕ್ಕದ ಬಿಳಿ ಟೈಲ್ ಮೇಲೆ ಕಡಲೆಕಾಳಿನಷ್ಟು ನೀಲಿ ಚುಕ್ಕೆಗಳು. ಇಪ್ಪತ್ತೋ ಮೂವತ್ತೋ. ಒಂದೊಂದಕ್ಕೂ ಒಂದು ಬಾಯಿ.

ಮರಿಗಳು.

"ಅಕ್ಕ ಕಳಿಸಿದ್ಲಾ?" ಎಂದ ಕಟರ್ ಹಿಡಿದವನು.

ನನ್ನ ಕಣ್ಣು ಮರಿಗಳ ಮೇಲೇ ಇತ್ತು.

"ನಾಲ್ಕು ವರ್ಷದಿಂದ ಮಾತಿಲ್ಲ. ಈಗ ಕಳ್ಳನ್ನ ಕಳಿಸಿದಾಳೆ."

"ಅವರ ಹೆಣ್ಣು ಕಾರ್ಪೆಟ್ ಕಳುವಾಗಿದೆ. ನಾನು ಹುಡುಕೋನು."

"ಕಿಟಕಿಯಿಂದ ಬಂದ್ಯಲ್ಲ. ಅದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ."

ಆದರೂ ಕಟರ್ ಜೇಬಿಗೆ ಹಾಕಿದ. ಟ್ಯಾಂಕಿನ ಪಂಪ್ ನಿಲ್ಲಿಸಿ, ನನ್ನ ಕೈಯನ್ನು ನಿಧಾನವಾಗಿ ಬಿಡಿಸಿದ. ನನ್ನ ಮೇಲಿನ ಕರುಣೆಯಿಂದಲ್ಲ.

"ಅಂಗೈ ಚರ್ಮ ದಪ್ಪ, ಏನೂ ಆಗಲ್ಲ," ಎಂದ. "ಮಣಿಕಟ್ಟಿನ ಒಳಬದಿ ಉರಿ ಶುರುವಾಗತ್ತೆ. ನೋಡ್ಕೊ."

ನೋಡಿಕೊಂಡೆ. ಕೆಂಪು ಗುಳ್ಳೆಗಳು, ಸಾಲಾಗಿ.

ಅವನ್ನು ನಿನ್ನೆಯೇ ನೋಡಿದ್ದೆ... ಟೀಚರ್ ಲೋಟ ತಳ್ಳಿದ ಕೈಯ ಮೇಲೆ. ಒಲೆಯ ಬಿಸಿ ತಾಗಿರಬೇಕು ಅಂದುಕೊಂಡಿದ್ದೆ.

ಫೋನ್ ತೆಗೆದು ಸ್ಪೀಕರ್ ಹಾಕಿದೆ. ತಮ್ಮನಿಗೆ ಸುಮ್ಮನಿರಲು ಸನ್ನೆ ಮಾಡಿದೆ.

"ಮೇಡಂ, ಹಿಂದಿನ ಕೋಣೇಲಿದೀನಿ. ನೀಲಿ ಕಾರ್ಪೆಟ್ ಒಂದಿದೆ."

"ಲೈಟ್ ಎಷ್ಟು ಎತ್ತರದಲ್ಲಿದೆ? ನೀರಿನ ಟೆಂಪರೇಚರ್ ನೋಡಿ. ಗಂಡು ಅದೇ ಟ್ಯಾಂಕಲ್ಲಿದೆಯಾ, ಬೇರೆ ಇಟ್ಟಿದಾನಾ? ಫೋಟೊ ತೆಗೀರಿ."

ಕಳೆದುಹೋದವರನ್ನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಮನೆಯವರ ಮೊದಲ ಪ್ರಶ್ನೆ ಎಲ್ಲ ಕಡೆ ಒಂದೇ... ಬದುಕಿದಾರಾ?

ಇವರು ಅದನ್ನು ಕೇಳಲೇ ಇಲ್ಲ.

ಫೋನ್ ಇಟ್ಟೆ. ತಮ್ಮ ಮರಿಗಳನ್ನೇ ನೋಡುತ್ತ ನಿಂತಿದ್ದ. ಅವನಿಗೂ ಅರ್ಥವಾಗಿತ್ತು. ಕಳುವೇ ಆಗಿರಲಿಲ್ಲ. ಇಲ್ಲಿ ಮರಿ ಹೇಗಾಗುತ್ತವೆ ಎಂದು ನೋಡಲು ಟೀಚರಿಗೆ ಬೇಕಿದ್ದದ್ದು ಈ ಕೋಣೆಯೊಳಗೆ ಎರಡು ಕಣ್ಣು. ನನ್ನವು.

"ಮನೇಲೇ ಬಚ್ಚಿಟ್ಟಿರ್ತಾರೆ," ಎಂದೆ. "ನಾನು ಮನೆಯೆಲ್ಲ ಓಡಾಡಿದ್ದೆ. ಬೀರು ಮಾತ್ರ ತೆಗೆದು ನೋಡಿರಲಿಲ್ಲ."

"ಬೀರು?" ಅವನ ಮುಖ ಕಳೆಗುಂದಿತು. "ಅಲ್ಲಿ ಕತ್ತಲೆ ಅಲ್ವೇನಯ್ಯಾ. ಕತ್ತಲಲ್ಲಿ ಇದು ಒಂದು ಕಡೆ ನಿಲ್ಲಲ್ಲ. ಬೆಳಕು ಹುಡ್ಕೊಂಡು ನಡೆಯತ್ತೆ. ಬಕೆಟಲ್ಲಿ ಇಟ್ಟು ಪಂಪ್ ಬಿಟ್ಟಿದ್ರೆ..."

ಮುಗಿಸಲಿಲ್ಲ. ವ್ಯಾನಿನ ಕೀ ಎಳೆದುಕೊಂಡ.

ಎರಡು ಸಿಗ್ನಲ್ ಹಾರಿಸಿದ. ಮೂರನೆಯದರಲ್ಲಿ ಬಸ್ಸೊಂದು ಅಡ್ಡ ನಿಂತಿತ್ತು. ವ್ಯಾನ್ ಅಲ್ಲೇ ಬಿಟ್ಟು ಓಡಿದೆವು. ಹಿಂದೆ ಹಾರ್ನ್‌ಗಳು ನಮ್ಮ ವಂಶವನ್ನೆಲ್ಲ ಬೈಯುತ್ತಿದ್ದವು.

ಟೀಚರ್ ಬಾಗಿಲು ತೆರೆದರು. ನನ್ನ ಹೆಗಲ ಮೇಲಿಂದ ತಮ್ಮನನ್ನು ನೋಡಿದರು. ಹಿಂದಕ್ಕೆ ಹೋಗಿ ಮಲಗುವ ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

"ಇವನ್ಯಾಕೆ ಬಂದ?"

"ಕೈ ತೋರಿಸಿ ಮೇಡಂ."

ಅವರು ಸೆರಗಿನೊಳಗೆ ಮಣಿಕಟ್ಟು ಮುಚ್ಚಿಕೊಂಡರು. ಅವರ ಹಿಂದಿನ ಕೋಣೆಯೊಳಗಿಂದ ಪಂಪಿನ ಗುಂಯ್‌ಗುಡುವಿಕೆ ಕೇಳಿಸಿತು.

ನಂತರ ಸದ್ದು ಬದಲಾಯಿತು. ಕರಕರ.

ಅದೇನೆಂದು ನನಗೆ ಗೊತ್ತಾಗಲಿಲ್ಲ. ಅವರಿಬ್ಬರಿಗೆ ಗೊತ್ತಾಯಿತು. ಟೀಚರ್ ತಾವೇ ತಿರುಗಿ ಓಡಿದರು.

ಬೀರು. ಬೆಡ್‌ಶೀಟುಗಳ ಕೆಳಗಿನ ಖಾನೆ. ಬಕೆಟ್. ಪಂಪಿನ ಬಾಯಿಗೆ ನೀಲಿ ಅಂಚು ಸಿಕ್ಕಿಕೊಂಡಿತ್ತು. ತಮ್ಮ ಪ್ಲಗ್ ಕಿತ್ತ. ನನ್ನ ಕಿವಿಗೆ ಹಿಡಿದಿದ್ದ ಕಟರ್‌ನಿಂದಲೇ ಪಂಪಿನ ಪ್ಲಾಸ್ಟಿಕ್ ಕತ್ತರಿಸಿದ. ಅಕ್ಕ ಎರಡೂ ಕೈ ಅಡಿಗೆ ಹಿಡಿದು ಕೂತಿದ್ದರು. ಗುಳ್ಳೆಗಳ ಮೇಲೆ ಹೊಸ ಗುಳ್ಳೆ.

ಕಾಲು ಭಾಗ ಹೋಗಿತ್ತು. ನೀರು ಕದಡಿತ್ತು.

"ಬಾಯಿ ಬಿಗಿಯಾಗೇ ಇದೆ," ಎಂದ ತಮ್ಮ. "ಉಳಿಯಬಹುದು."

"ಸ್ಪಂಜ್ ಕಟ್ಟೋದು ಮರೆತೆ," ಎಂದರು ಅಕ್ಕ. "ನೂರು ಜನಕ್ಕೆ ಹೇಳಿದೀನಿ. ಪಂಪಿಗೆ ಸ್ಪಂಜ್ ಕಟ್ಟಿ ಅಂತ."

"ನನಗೂ ಹೇಳಿದ್ದೆ."

ತಮ್ಮ ಹಾಲ್‌ನ ಟ್ಯಾಂಕಿನಿಂದ ಹೊಸ ನೀರು ತಂದು ಬಕೆಟ್‌ಗೆ ಸುರಿದ.

"ನಿನ್ನ ಟ್ಯಾಂಕಲ್ಲಿ ಟೆಂಪರೇಚರ್ ಎಷ್ಟಿಟ್ಟಿದೀಯ?" ಅಕ್ಕ ಬಕೆಟ್ ನೋಡುತ್ತಲೇ ಕೇಳಿದರು.

"ಒಂದು ಫೋನ್ ಮಾಡಿದ್ರೆ ಹೇಳ್ತಿದ್ದೆ."

"ನಾನು ನಿನ್ನ ಕೇಳೋದಾ?"

"ಈಗ ಕೇಳಿದ್ಯಲ್ಲ."

ಅವನು ಬಕೆಟ್ ಎತ್ತಿಕೊಂಡ. "ಹುಷಾರಾಗೋವರೆಗೆ ನನ್ನ ಹತ್ರ ಇರತ್ತೆ. ನೋಡ್ಬೇಕು ಅನ್ಸಿದ್ರೆ ಬಾ ಅಕ್ಕ. ಮುಂಬಾಗಿಲಿಂದ ಬಾ."

ಅವನು ಹೋದ ಮೇಲೆ ನನ್ನ ಫಾರಂ ತೆಗೆದು ಮೇಜಿನ ಮೇಲಿಟ್ಟೆ. ಕೇಸ್ ಮುಗಿದಾಗ ಎಲ್ಲರಿಂದಲೂ ಸಹಿ ಹಾಕಿಸಿಕೊಳ್ಳುತ್ತೇನೆ. ಕಳೆದದ್ದು ಏನು, ಯಾವಾಗ ಸಿಕ್ಕಿತು, ಎಲ್ಲ ನಾನೇ ತುಂಬಿದೆ.

'ಎಲ್ಲಿ ಸಿಕ್ಕಿತು' ಎಂಬ ಜಾಗ ಮಾತ್ರ ಖಾಲಿ ಬಿಟ್ಟು, ಪೆನ್ ಅವರ ಕೈಗೆ ಕೊಟ್ಟೆ. 'ನನ್ನ ಬೀರುವಿನಲ್ಲಿ' ಎಂದು ಬರೆದರು. ಟೀಚರ್ ಅಲ್ಲವೇ... ಅಕ್ಷರ ದುಂಡಗಿತ್ತು.